ಮಧ್ಯಯುಗದ ಯುರೋಪಿನ ಕವಚ, ಉಡುಪು ಮತ್ತು ಚರ್ಮವಸ್ತುಗಳ ಪುನರ್ನಿರ್ಮಾಣ

ಮಧ್ಯಯುಗದ ಯುರೋಪಿನಲ್ಲಿ ಬಳಕೆಯಲ್ಲಿದ್ದ ಯುದ್ಧಕವಚ, ಉಡುಪು ಹಾಗೂ ಚರ್ಮದ ವಸ್ತುಗಳನ್ನು, ಉಳಿದುಬಂದಿರುವ ಮೂಲವಸ್ತು, ಚಿತ್ರ, ಶಿಲ್ಪ ಮತ್ತು ಲಿಖಿತ ದಾಖಲೆಗಳ ಆಧಾರದ ಮೇಲೆ ಮತ್ತೆ ಕೈಯಿಂದ ತಯಾರಿಸುವ ಕುಶಲಕಲೆ. ಹಿಂದಿನ ಕದನಗಳನ್ನೂ ದಿನನಿತ್ಯದ ಬದುಕನ್ನೂ ಬಯಲಿನಲ್ಲಿ ಅಭಿನಯಿಸಿ ತೋರಿಸುವ ಇತಿಹಾಸ ಪುನರಭಿನಯಕ್ಕೆ ಈ ವಸ್ತುಗಳು ಮುಖ್ಯವಾಗಿ ಬೇಕಾಗುತ್ತವೆ. ವಸ್ತುಸಂಗ್ರಹಾಲಯಗಳು, ಪ್ರಯೋಗಾತ್ಮಕ ಪುರಾತತ್ತ್ವ ಮತ್ತು ಚಲನಚಿತ್ರಗಳೂ ಇವನ್ನು ಬಳಸುತ್ತವೆ. ಈ ಲೇಖನ ಸುಮಾರು 1050ರಿಂದ 1500ರವರೆಗಿನ ಪಶ್ಚಿಮ, ಮಧ್ಯ ಮತ್ತು ಉತ್ತರ ಯುರೋಪಿಗೆ ಸೀಮಿತ.

ಕಮ್ಮಾರಿಕೆ, ಹೊಲಿಗೆ, ಚರ್ಮದ ಕೆಲಸ ಎಂಬ ಮೂರು ಕಸುಬುಗಳನ್ನು ಇಲ್ಲಿ ಒಂದೇ ಶೀರ್ಷಿಕೆಯ ಅಡಿಯಲ್ಲಿ ತರಲು ಕಾರಣವಿದೆ. ಆ ಕಾಲದ ಕವಚ ತನ್ನಷ್ಟಕ್ಕೆ ಮೈಮೇಲೆ ನಿಲ್ಲುವ ವಸ್ತುವಲ್ಲ. ಅದು ಒಳಗಿನ ಅಂಗಿಗೆ ಕಟ್ಟಿಕೊಂಡು, ಚರ್ಮದ ಪಟ್ಟಿಗಳ ಮೇಲೆ ತೂಗಿಕೊಂಡು ಕೆಲಸ ಮಾಡುತ್ತದೆ. ಮೂರರಲ್ಲಿ ಒಂದು ತಪ್ಪಿದರೂ ಉಳಿದೆರಡು ಸರಿಯಾಗಿ ಕೂರುವುದಿಲ್ಲ.

ಪರಿಭಾಷೆ

ಕಬ್ಬಿಣದ ಸಣ್ಣ ಉಂಗುರಗಳನ್ನು ಒಂದರೊಳಗೊಂದು ಕೋದು ಮಾಡಿದ್ದು ಜಾಲರಿ ಕವಚ. ಬಡಿದು ಮೈಗೆ ಹೊಂದುವಂತೆ ರೂಪಿಸಿದ ಕಬ್ಬಿಣ ಅಥವಾ ಉಕ್ಕಿನ ತಗಡುಗಳದ್ದು ತಗಡು ಕವಚ. ಬಟ್ಟೆ ಅಥವಾ ಚರ್ಮದ ಅಂಗಿಯ ಒಳಮೈಗೆ ತಗಡುಗಳನ್ನು ರಿವೆಟ್ ಹೊಡೆದು ಕೂರಿಸಿದ್ದು ತಗಡಿನಂಗಿ. ಗ್ಯಾಂಬಸನ್ ಮುಂತಾದ ಹೆಸರುಗಳಿರುವ, ಹಲವು ಪದರ ಬಟ್ಟೆ ಸೇರಿಸಿ ಅಥವಾ ನಡುವೆ ಹತ್ತಿ, ಉಣ್ಣೆ ತುಂಬಿ ಒತ್ತಾಗಿ ಹೊಲಿದ ದಪ್ಪ ಉಡುಪನ್ನು ಇಲ್ಲಿ ಮೆತ್ತೆಯಂಗಿ ಎನ್ನಲಾಗಿದೆ. ಉಡುಪಿನ ಭಾಗಗಳನ್ನು ಪರಸ್ಪರ ಕಟ್ಟಲು, ಕವಚವನ್ನು ಉಡುಪಿಗೆ ಬಿಗಿಯಲು ಬಳಸುವ, ತುದಿಗೆ ಲೋಹದ ಮೊನೆ ಇರುವ ದಾರ ಕಟ್ಟುದಾರ.

ಉಗಮ

ಮಧ್ಯಯುಗವನ್ನು ಬಯಲಿನಲ್ಲಿ ಮರಳಿ ತೋರಿಸುವ ದೊಡ್ಡ ಪ್ರಯತ್ನಗಳಲ್ಲಿ 1839ರ ಆಗಸ್ಟ್ ತಿಂಗಳಲ್ಲಿ ಸ್ಕಾಟ್ಲೆಂಡಿನ ಏರ್‌ಶೈರ್‌ನಲ್ಲಿ ನಡೆದ ಎಗ್ಲಿಂಟನ್ ಪಂದ್ಯ ಪ್ರಸಿದ್ಧವಾದದ್ದು. 13ನೆಯ ಎಗ್ಲಿಂಟನ್ ಅರ್ಲ್ ಆರ್ಚಿಬಾಲ್ಡ್ ಮಾಂಟ್‌ಗೊಮರಿ ಏರ್ಪಡಿಸಿದ ಈ ಕುದುರೆ ಕಾಳಗದ ಪಂದ್ಯಕ್ಕೆ ಲಂಡನ್ನಿನ ವರ್ತಕ ಸ್ಯಾಮ್ಯುಯೆಲ್ ಪ್ರ್ಯಾಟ್ ಕವಚಗಳನ್ನು ಒದಗಿಸಿದ. ಮೊದಲ ದಿನವೇ ಸುರಿದ ಭಾರೀ ಮಳೆಯಿಂದ ಪಂದ್ಯ ಕೆಟ್ಟಿತು. ಆದರೆ ಹಳೆಯ ಕವಚಗಳನ್ನು ಸಂಗ್ರಹಿಸುವ, ಕೊಳ್ಳುವ, ನಕಲು ಮಾಡುವ ಆಸಕ್ತಿ ಆ ಶತಮಾನದ ಉದ್ದಕ್ಕೂ ಬೆಳೆಯುತ್ತಲೇ ಹೋಯಿತು. ಫ್ರಾನ್ಸಿನ ವಾಸ್ತುಶಿಲ್ಪಿ ವಿಯೊಲೆ-ಲ-ಡ್ಯುಕ್ ಪೀಠೋಪಕರಣ, ಉಡುಪು, ಆಯುಧಗಳ ಕುರಿತು 1858ರಿಂದ 1875ರ ನಡುವೆ ಪ್ರಕಟಿಸಿದ ಆರು ಸಂಪುಟಗಳ ನಿಘಂಟು, ಈ ವಸ್ತುಗಳು ಹೇಗೆ ಜೋಡಣೆಯಾಗಿದ್ದವು ಎಂಬುದನ್ನು ಚಿತ್ರ ಬಿಡಿಸಿ ತೋರಿಸಿತು.

ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯದಲ್ಲಿ ಬ್ಯಾಷ್‌ಫರ್ಡ್ ಡೀನ್ ಅವರ ಉಸ್ತುವಾರಿಯಲ್ಲಿ 20ನೆಯ ಶತಮಾನದ ಆರಂಭದಲ್ಲೇ ಕವಚ ದುರಸ್ತಿಯ ಕಮ್ಮಟವೊಂದು ನಡೆಯುತ್ತಿತ್ತು. ಮೊದಲ ಮಹಾಯುದ್ಧದ ಸಮಯದಲ್ಲಿ ಅಮೆರಿಕದ ಸೇನೆಗಾಗಿ ಹೊಸ ಶಿರಸ್ತ್ರಾಣಗಳ ಮಾದರಿಗಳನ್ನು ಇದೇ ಕಮ್ಮಟದಲ್ಲಿ ಹಳೆಯ ಕವಚಕಾರರ ಉಪಕರಣಗಳಿಂದ ಬಡಿದು ಮಾಡಲಾಯಿತು.

ಹವ್ಯಾಸವಾಗಿ ಪುನರಭಿನಯ ವ್ಯಾಪಕವಾದದ್ದು 1960ರ ದಶಕದಿಂದ ಈಚೆಗೆ. ಕ್ಯಾಲಿಫೋರ್ನಿಯದ ಬರ್ಕ್ಲಿಯಲ್ಲಿ 1966ರಲ್ಲಿ ಸೊಸೈಟಿ ಫಾರ್ ಕ್ರಿಯೇಟಿವ್ ಅನಾಕ್ರೊನಿಸಂ ಹುಟ್ಟಿತು. ಸ್ವೀಡನ್ನಿನ ವಿಸ್ಬಿಯಲ್ಲಿ 1984ರಿಂದ ಮಧ್ಯಯುಗದ ಸಪ್ತಾಹ ನಡೆಯುತ್ತಿದೆ. ಮೊದಮೊದಲು ನೈಲಾನ್ ದಾರ ಹೆಣೆದು ಬೆಳ್ಳಿ ಬಣ್ಣ ಬಳಿದ ಅಂಗಿಯೂ ಜಾಲರಿ ಕವಚವಾಗಿ ಸಲ್ಲುತ್ತಿತ್ತು. ಪುರಾತತ್ತ್ವ ವರದಿಗಳು ಓದುಗರ ಕೈಗೆ ಸಿಗತೊಡಗಿದಂತೆ ಮಾನದಂಡ ಬಿಗಿಯಾಯಿತು.

ಆಧಾರಗಳು

ಪುನರ್ನಿರ್ಮಾಣದ ಬೆಲೆ ಅದರ ಆಧಾರದಲ್ಲಿದೆ. ಉಳಿದಿರುವ ಮೂಲವಸ್ತು, ಆ ಕಾಲದ ಚಿತ್ರ ಮತ್ತು ಶಿಲ್ಪ, ಆ ಕಾಲದ ಬರಹ ಇವು ಮೂರೂ ಒಂದನ್ನೊಂದು ತಿದ್ದುತ್ತವೆ. ಚಿತ್ರ ಹೊರನೋಟವನ್ನು ತೋರಿಸುತ್ತದೆಯೇ ಹೊರತು ಒಳಗಿನ ಹೊಲಿಗೆಯನ್ನಲ್ಲ. ಮೂಲವಸ್ತುವಿನಲ್ಲಿ ಹೊಲಿಗೆ ಕಾಣುತ್ತದೆ, ಅದನ್ನು ಯಾರು, ಯಾವುದರ ಜೊತೆ ಧರಿಸುತ್ತಿದ್ದರು ಎಂಬುದು ಕಾಣುವುದಿಲ್ಲ.

ಕವಚದ ಮಟ್ಟಿಗೆ ವಿಸ್ಬಿಯ ಸಾಮೂಹಿಕ ಸಮಾಧಿಗಳಿಗೆ ಸಮನಾದ ಆಧಾರ ಬೇರೊಂದಿಲ್ಲ. 1361ರ ಜುಲೈ 27ರಂದು ಡೆನ್ಮಾರ್ಕಿನ ದೊರೆ ನಾಲ್ಕನೆಯ ವಾಲ್ಡೆಮಾರ್‌ನ ಸೈನ್ಯ ಗಾಟ್‌ಲೆಂಡ್ ದ್ವೀಪದ ರೈತಾಪಿ ಪಡೆಯನ್ನು ವಿಸ್ಬಿ ನಗರದ ಗೋಡೆಯ ಹೊರಗೆ ಸದೆಬಡಿಯಿತು. ಬೇಸಿಗೆಯ ಸೆಕೆಯಲ್ಲಿ, ಹೆಣಗಳ ಸಂಖ್ಯೆಯೂ ಹೆಚ್ಚಾಗಿದ್ದರಿಂದ, ಅನೇಕರನ್ನು ಕವಚ ಬಿಚ್ಚದೆಯೇ ಹೂಳಲಾಯಿತು. 1905ರಿಂದ ಆರಂಭವಾದ ಉತ್ಖನನಗಳಲ್ಲಿ ಸಾವಿರಕ್ಕೂ ಹೆಚ್ಚು ಜನರ ಅಸ್ಥಿಗಳು, ಸುಮಾರು 25 ತಗಡಿನಂಗಿಗಳು, ಅನೇಕ ಜಾಲರಿ ತಲೆಮುಸುಕುಗಳು ಹೊರಬಂದವು. ಬೆಂಗ್ಟ್ ಥೋರ್ಡೆಮಾನ್ 1939–40ರಲ್ಲಿ ಎರಡು ಸಂಪುಟಗಳಲ್ಲಿ ಪ್ರಕಟಿಸಿದ ವರದಿಯಲ್ಲಿ ಪ್ರತಿ ತಗಡಿನ ಆಕಾರ, ಪ್ರತಿ ರಿವೆಟ್‌ನ ಜಾಗ ದಾಖಲಾಗಿದೆ. ಕೆಲವು ಅಂಗಿಗಳಲ್ಲಿ ಕೆಲವೇ ದೊಡ್ಡ ತಗಡುಗಳು, ಕೆಲವುಗಳಲ್ಲಿ ನೂರಾರು ಸಣ್ಣವು. ಹೊರಬಟ್ಟೆ ಕೊಳೆತು ಹೋಗಿದ್ದರೂ ರಿವೆಟ್‌ಗಳ ಉದ್ದದಿಂದ ಅದರ ದಪ್ಪವನ್ನು ಅಳೆಯಬಹುದು. ಇಂದು ಪುನರಭಿನಯದಲ್ಲಿ ಕಾಣುವ 14ನೆಯ ಶತಮಾನದ ತಗಡಿನಂಗಿಗಳಲ್ಲಿ ಬಹುಪಾಲು ಈ ವರದಿಯ ರೇಖಾಚಿತ್ರಗಳಿಂದ ಬಂದವು.

ಇಟಲಿಯ ದಕ್ಷಿಣ ಟೈರೋಲಿನಲ್ಲಿರುವ ಚುರ್‌ಬುರ್ಗ್ ಕೋಟೆಯ ಸಂಗ್ರಹದಲ್ಲಿ 14ನೆಯ ಶತಮಾನದ ಕೊನೆಯ ತಗಡು ಕವಚಗಳು ಉಳಿದಿವೆ. ಅಲ್ಲಿಂದಲೇ ಹೊರಬಂದ, 1440ರ ಸುಮಾರಿನ ಮಿಲಾನ್ ಕವಚವೊಂದು ಗ್ಲಾಸ್ಗೋದಲ್ಲಿದೆ. ಬಹುತೇಕ ಪೂರ್ಣವಾಗಿ ಉಳಿದ ಅತಿ ಹಳೆಯ ಕವಚಗಳಲ್ಲಿ ಅದೂ ಒಂದು. ಶಿಲ್ಪಗಳಲ್ಲಿ ಇಂಗ್ಲೆಂಡಿನ ವಾರಿಕ್ ಪಟ್ಟಣದ ಸೇಂಟ್ ಮೇರಿ ಚರ್ಚಿನಲ್ಲಿರುವ ರಿಚರ್ಡ್ ಬೋಶಾಂಪ್‌ನ ಲೋಹದ ಸಮಾಧಿ ಪ್ರತಿಮೆಗೆ ವಿಶೇಷ ಸ್ಥಾನವಿದೆ. ಅಂಗಾತ ಮಲಗಿರುವ ಈ ಪ್ರತಿಮೆಯ ಬೆನ್ನಿನ ಭಾಗ ಯಾರ ಕಣ್ಣಿಗೂ ಬೀಳುವಂಥದಲ್ಲ. ಆದರೂ ಶಿಲ್ಪಿ ಅಲ್ಲಿನ ಪ್ರತಿ ಪಟ್ಟಿ, ಬಕಲ್, ತಿರುಗಣೆಯನ್ನು ಬಿಡದೆ ಕೆತ್ತಿದ್ದಾನೆ. ಕವಚದ ಹಿಂಬದಿ ಹೇಗೆ ಬಿಗಿಯುತ್ತಿತ್ತು ಎಂಬ ಪ್ರಶ್ನೆಗೆ ಇಂದಿಗೂ ಉತ್ತರ ಹುಡುಕುವುದು ಅಲ್ಲೇ.

ಉಡುಪಿನ ಆಧಾರಗಳು ವಿರಳ, ಆದರೆ ಅಮೂಲ್ಯ. ಗ್ರೀನ್‌ಲೆಂಡಿನ ಹೆರ್ಯೊಲ್ಫ್ಸ್‌ನೆಸ್‌ನಲ್ಲಿ ಪೌಲ್ ನೋರ್ಲುಂಡ್ 1921ರಲ್ಲಿ ನಡೆಸಿದ ಉತ್ಖನನದಲ್ಲಿ, ಹೆಪ್ಪುಗಟ್ಟಿದ ನೆಲದೊಳಗೆ ಹೆಣಕ್ಕೆ ಸುತ್ತಿದ್ದ ಸಾಮಾನ್ಯ ಜನರ ಉಣ್ಣೆಯ ನಿಲುವಂಗಿಗಳೂ ಮುಸುಕುಗಳೂ ದೊರೆತವು. ಸ್ವೀಡನ್ನಿನ ಜೌಗು ನೆಲವೊಂದರಲ್ಲಿ 1936ರಲ್ಲಿ ಸಿಕ್ಕ ಬೊಕ್‌ಸ್ಟೆನ್ ಮನುಷ್ಯನ ಮೈಮೇಲೆ ಅಂಗಿ, ಮೇಲುಹೊದಿಕೆ, ಮುಸುಕು, ಕಾಲುಚೀಲ ಇದ್ದವು. ಸಿರಿವಂತರ ಕಡೆಯಿಂದ, 1364ರಲ್ಲಿ ಓರೇ ಕದನದಲ್ಲಿ ಸತ್ತ ಷಾರ್ಲ್ ದ ಬ್ಲ್ವಾನದೆಂದು ಹೇಳಲಾಗುವ ರೇಷ್ಮೆಯ ಬಿಗಿಯಂಗಿ ಲಿಯಾನ್ ನಗರದಲ್ಲಿದೆ. 1376ರಲ್ಲಿ ತೀರಿಕೊಂಡ ಇಂಗ್ಲೆಂಡಿನ ರಾಜಕುಮಾರ ಎಡ್ವರ್ಡ್‌ನ ಮಖಮಲ್ಲಿನ ಮೇಲಂಗಿ, ಶಿರಸ್ತ್ರಾಣ ಮತ್ತು ಕೈಕವಚಗಳು ಕ್ಯಾಂಟರ್ಬರಿ ಕೆಥೆಡ್ರಲ್ಲಿನಲ್ಲಿವೆ. ಲಂಡನ್ನಿನ ಥೇಮ್ಸ್ ದಂಡೆಯ ಕೆಸರಿನಲ್ಲಿ ಸಿಕ್ಕ ಪಾದರಕ್ಷೆ, ಬಟ್ಟೆ, ಬಕಲ್‌ಗಳ ಕುರಿತು ಅಲ್ಲಿನ ವಸ್ತುಸಂಗ್ರಹಾಲಯ ಹೊರತಂದ ಸಂಪುಟಗಳು (ಪಾದರಕ್ಷೆ 1988, ಅಲಂಕಾರ ವಸ್ತುಗಳು 1991, ಬಟ್ಟೆ 1992) ಕುಶಲಕರ್ಮಿಗಳ ಮೇಜಿನ ಮೇಲೆ ಸದಾ ಇರುವಂಥವು.

ಉಡುಪಿನ ತಯಾರಿಕೆ

ಮೈಗೆ ತಾಗುವ ಒಳಬಟ್ಟೆಗೆ ಅಗಸೆ ನಾರಿನ ಲಿನನ್, ಮೇಲಿನ ಬಟ್ಟೆಗೆ ಉಣ್ಣೆ, ಸಿರಿವಂತರಿಗೆ ರೇಷ್ಮೆ. ಇದು ಆ ಕಾಲದ ಸಾಮಾನ್ಯ ಕ್ರಮ. ಉತ್ತರ ಯುರೋಪಿನಲ್ಲಿ ಹತ್ತಿ ಬೆಳೆಯುತ್ತಿರಲಿಲ್ಲ. ಆದರೂ ಮೆತ್ತೆಯಂಗಿಗೆ ತುಂಬಲು ಮತ್ತು ಲಿನನ್ ಹಾಸಿಗೆ ಹತ್ತಿಯ ಹೊಕ್ಕು ಸೇರಿಸಿ ನೇಯುವ ಫಸ್ಟಿಯನ್ ಬಟ್ಟೆಗೆ ಮೆಡಿಟರೇನಿಯನ್ ಕಡೆಯಿಂದ ಅದು ಬರುತ್ತಿತ್ತು. ಉಣ್ಣೆಯ ಬಟ್ಟೆಯನ್ನು ನೇಯ್ದ ಮೇಲೆ ನೀರಿನಲ್ಲಿ ತುಳಿದು, ಕುಗ್ಗಿಸಿ, ಎಳೆಗಳು ಕಾಣದಷ್ಟು ಒತ್ತಾಗಿಸುತ್ತಿದ್ದರು. ಹೀಗೆ ಹದಗೊಂಡ ಬಟ್ಟೆಯನ್ನು ಕತ್ತರಿಸಿದರೆ ಅಂಚು ಬಿಚ್ಚಿಕೊಳ್ಳುವುದಿಲ್ಲ, ಮಳೆಯೂ ಬೇಗ ಒಳಗಿಳಿಯುವುದಿಲ್ಲ. ಇಂದಿನ ಅಂಗಡಿಯ ಉಣ್ಣೆ ಬಟ್ಟೆ ಹಗುರ, ಸಡಿಲ. ಅದರಲ್ಲಿ ಹೊಲಿದ ನಿಲುವಂಗಿ ಹಳೆಯ ಚಿತ್ರಗಳಲ್ಲಿ ಕಾಣುವಂತೆ ಭಾರವಾಗಿ ನೆರಿಗೆ ಬೀಳುವುದಿಲ್ಲ. ಆದ್ದರಿಂದ ಹೊಲಿಗೆಗಿಂತ ಮೊದಲು ಸರಿಯಾದ ಬಟ್ಟೆ ಹುಡುಕುವುದೇ ದೊಡ್ಡ ಕೆಲಸ.

ಬಣ್ಣಗಳಲ್ಲಿ ಕೆಂಪಿಗೆ ಮಂಜಿಷ್ಠದ ಕುಲಕ್ಕೆ ಸೇರಿದ ಮ್ಯಾಡರ್ ಬೇರು, ಹಳದಿಗೆ ವೆಲ್ಡ್ ಗಿಡ, ನೀಲಿಗೆ ವೋಡ್ ಎಲೆ. ವೋಡ್‌ನ ನೀಲಿ ಅಂಶವೂ ನಮ್ಮ ನೀಲಿ ಗಿಡದ ನೀಲಿಯೂ ರಾಸಾಯನಿಕವಾಗಿ ಒಂದೇ. ಮ್ಯಾಡರ್, ವೆಲ್ಡ್ ಬಣ್ಣಗಳು ನಿಲ್ಲಲು ಬಟ್ಟೆಯನ್ನು ಮೊದಲು ಪಟಿಕದ ನೀರಿನಲ್ಲಿ ಕುದಿಸಬೇಕು. ಹಸಿರು ಬೇಕಾದರೆ ನೀಲಿ, ಹಳದಿ ಎರಡನ್ನೂ ಒಂದರ ಮೇಲೊಂದು ಹಾಕಬೇಕು. ಅತಿ ದುಬಾರಿ ಕೆಂಪು ಕರ್ಮೀಸ್ ಎಂಬ ಕೀಟದಿಂದ ಬರುತ್ತಿತ್ತು. ಚಲನಚಿತ್ರಗಳು ಮಧ್ಯಯುಗಕ್ಕೆ ಕಂದು, ಬೂದು ಬಣ್ಣಗಳನ್ನಷ್ಟೇ ಹಚ್ಚಿದ್ದು ತಪ್ಪು ಚಿತ್ರಣ. ಸಸ್ಯದ ಬಣ್ಣಗಳು ಉಣ್ಣೆಯ ಮೇಲೆ ಗಾಢವಾಗಿ, ಪ್ರಖರವಾಗಿ ಹತ್ತುತ್ತವೆ.

ಕತ್ತರಿಸುವ ಕ್ರಮದಲ್ಲಿ 14ನೆಯ ಶತಮಾನದ ನಡುವೆ ದೊಡ್ಡ ಬದಲಾವಣೆ ಆಯಿತು. ಅದಕ್ಕೆ ಹಿಂದಿನ ಅಂಗಿಗಳು ಬಹುಮಟ್ಟಿಗೆ ಆಯತ ಮತ್ತು ತ್ರಿಕೋನಗಳ ಜೋಡಣೆ: ನೇಯ್ದ ಬಟ್ಟೆ ವ್ಯರ್ಥವಾಗದಂತೆ ಮೈಗೆ ಆಯತ, ಕಂಕುಳಿಗೆ ಚೌಕ, ಘೇರು ಕೊಡಲು ಪಕ್ಕಗಳಲ್ಲಿ ತ್ರಿಕೋನ. ಆಮೇಲೆ ಮೈಗೆ ಅಂಟುವ ಬಾಗು ಕತ್ತರಿಕೆ, ಸಾಲು ಗುಂಡಿಗಳು, ಬೆನ್ನಿನವರೆಗೆ ಚಾಚುವ ಅಗಲವಾದ ತೋಳಿನ ಬುಡ ಬಂದವು. ಲಿಯಾನಿನ ಅಂಗಿಯಲ್ಲಿ ಈ ತೋಳಿನ ಬುಡ ಸ್ಪಷ್ಟವಾಗಿದೆ. ಹೀಗೆ ಹೊಲಿದ ಅಂಗಿ ತೊಟ್ಟವನು ಕೈ ಮೇಲೆತ್ತಿದರೂ ಸೊಂಟದ ಭಾಗ ಮೇಲೆ ಜಗ್ಗುವುದಿಲ್ಲ. ಕಾಲಿನ ತಗಡುಗಳು ಸೊಂಟದಿಂದ ತೂಗುವ ಕಾಲದಲ್ಲಿ ಇದು ಅತ್ಯಗತ್ಯವಾಗಿತ್ತು. ಕಾಲುಚೀಲಗಳನ್ನು ಉಣ್ಣೆ ಬಟ್ಟೆಯ ಓರೆ ಎಳೆಯಲ್ಲಿ ಕತ್ತರಿಸಿ, ಮೇಲುತುದಿಯನ್ನು ಕಟ್ಟುದಾರಗಳಿಂದ ಅಂಗಿಗೆ ಕಟ್ಟುತ್ತಿದ್ದರು.

ಹೊಲಿಗೆಗೆ ಜೇನುಮೇಣ ಉಜ್ಜಿದ ಲಿನನ್ ದಾರ ಅಥವಾ ರೇಷ್ಮೆ ದಾರ. ಸಾದಾ ಹೊಲಿಗೆ, ಹಿಂದಕ್ಕೆ ಮರಳಿ ಮುಂದೆ ಹೋಗುವ ಗಟ್ಟಿ ಹೊಲಿಗೆ, ಅಂಚು ಮಡಚಿ ಹಾಕುವ ಹೊಲಿಗೆ ಇಷ್ಟರಲ್ಲಿ ಹೆಚ್ಚಿನ ಕೆಲಸ ಮುಗಿಯುತ್ತದೆ. ಹೊರಗೆ ಕಾಣದ ಉದ್ದನೆಯ ಹೊಲಿಗೆಗಳನ್ನು ಯಂತ್ರದಲ್ಲಿ ಹಾಕಿ, ಕಾಣುವಂಥವನ್ನು ಕೈಯಲ್ಲಿ ಹಾಕುವುದನ್ನು ಅನೇಕ ತಂಡಗಳು ಒಪ್ಪುತ್ತವೆ. ಕಟ್ಟುನಿಟ್ಟಿನ ತಂಡಗಳು ಒಪ್ಪುವುದಿಲ್ಲ.

ಮೆತ್ತೆಯಂಗಿ ಉಡುಪೂ ಹೌದು, ಕವಚವೂ ಹೌದು. 15ನೆಯ ಶತಮಾನದ ಫ್ರಾನ್ಸಿನಲ್ಲಿ 11ನೆಯ ಲೂಯಿ ಹೊರಡಿಸಿದ ಆಜ್ಞೆಯ ಪ್ರಕಾರ ಸೈನಿಕರ ಮೆತ್ತೆಯಂಗಿಗೆ 30, ಕನಿಷ್ಠ 25 ಪದರ ಬಟ್ಟೆ ಮತ್ತು ಒಂದು ಜಿಂಕೆಯ ಚರ್ಮ ಬೇಕು. ಇದನ್ನು ಆಧರಿಸಿ ಮಾಡಿದ ಪ್ರತಿಗಳು ಗಡುಸಾಗಿ ನಿಲ್ಲುತ್ತವೆ. ಕೃತಕ ಸ್ಪಂಜು ತುಂಬಿದ ಅಗ್ಗದ ಪ್ರತಿಗಳು ಊದಿಕೊಂಡಂತೆ ಕಾಣುವುದಲ್ಲದೆ ಮೈಯ ಬೆವರನ್ನು ಹೊರಗೆ ಬಿಡುವುದಿಲ್ಲ.

ಜಾಲರಿ ಕವಚ

ಕ್ರಿಸ್ತಪೂರ್ವ 3ನೆಯ ಶತಮಾನದ ಕೆಲ್ಟ್ ಜನರ ಸಮಾಧಿಗಳಲ್ಲೇ ಕಾಣಿಸಿಕೊಳ್ಳುವ ಈ ಕವಚ ಮಧ್ಯಯುಗ ಮುಗಿಯುವವರೆಗೂ ಬಳಕೆಯಲ್ಲಿತ್ತು. ಪ್ರತಿ ಉಂಗುರ ಅಕ್ಕಪಕ್ಕದ ನಾಲ್ಕು ಉಂಗುರಗಳ ಮೂಲಕ ಹಾಯುವುದು ಯುರೋಪಿನ ಸಾಮಾನ್ಯ ಹೆಣಿಗೆ. ತಯಾರಿಕೆ ಹೀಗೆ: ಕಬ್ಬಿಣದ ತಂತಿಯನ್ನು ಸರಳಿನ ಮೇಲೆ ಸುರುಳಿ ಸುತ್ತಿ, ಕತ್ತರಿಸಿ, ತುದಿಗಳು ಒಂದರ ಮೇಲೊಂದು ಬರುವಂತೆ ಒತ್ತಿ, ಕಾಸಿ ಮೆದುಗೊಳಿಸಿ, ಚಪ್ಪಟೆ ಬಡಿದು, ಸೂಕ್ಷ್ಮ ರಂಧ್ರ ಚುಚ್ಚಿ, ನಾಲ್ಕು ನೆರೆ ಉಂಗುರಗಳಿಗೆ ಕೋದ ಮೇಲೆ ರಿವೆಟ್ ಹಾಕಿ ಮುಚ್ಚುವುದು. ಹಳೆಯ ಮಾದರಿಗಳಲ್ಲಿ ಒಂದು ಸಾಲು ರಿವೆಟ್ ಉಂಗುರ, ಇನ್ನೊಂದು ಸಾಲು ಬಾಯಿಯಿಲ್ಲದ ಇಡೀ ಉಂಗುರ. ಮಧ್ಯಯುಗದ ಕೊನೆಯ ಮಾದರಿಗಳಲ್ಲಿ ಎಲ್ಲವೂ ರಿವೆಟ್ ಉಂಗುರ. ತೊಡೆಯವರೆಗಿನ ಒಂದು ಅಂಗಿಗೆ ಹತ್ತಾರು ಸಾವಿರ ಉಂಗುರಗಳು ಬೇಕು; ತೂಕ ಸುಮಾರು 10 ಕಿಲೋಗ್ರಾಂ.

ರಿವೆಟ್ ಇಲ್ಲದೆ ಬರೀ ತುದಿಗೆ ತುದಿ ತಾಗಿಸಿದ ಉಂಗುರಗಳ ಅಂಗಿಯನ್ನು ಹೊಸಬರು ಹೆಚ್ಚಾಗಿ ಮಾಡುತ್ತಾರೆ. ಅದೇ ಗಟ್ಟಿತನ ಬರಬೇಕಾದರೆ ದಪ್ಪ ತಂತಿ ಬೇಕಾಗುವುದರಿಂದ ಅದು ಮೂಲಕ್ಕಿಂತ ಭಾರವಾಗುತ್ತದೆ. ಈಟಿಯ ಮೊನೆ ತಾಗಿದರೆ ಉಂಗುರದ ಬಾಯಿ ತೆರೆದುಕೊಳ್ಳುತ್ತದೆ. ಮೂಲ ಅಂಗಿಗಳು ಕೊಳವೆಯಂತೆ ನೇರವಾಗಿರಲಿಲ್ಲ ಎಂಬುದೂ ಗಮನಾರ್ಹ. ಸಾಲುಗಳ ನಡುವೆ ಉಂಗುರ ಸೇರಿಸಿ, ಬಿಟ್ಟು, ಭುಜ ಮತ್ತು ಕಂಕುಳಿಗೆ ಹೊಂದುವಂತೆ ಹೆಣೆಯುತ್ತಿದ್ದರು.

ತಗಡು ಕವಚ

ಎದೆ, ಬೆನ್ನು, ಕೈ, ಕಾಲು, ತಲೆಗಳನ್ನು ಪೂರ್ತಿ ಮುಚ್ಚುವ ತಗಡು ಕವಚ 14ನೆಯ ಶತಮಾನದಲ್ಲಿ ರೂಪುಗೊಂಡು 15ನೆಯದರಲ್ಲಿ ಪರಿಪೂರ್ಣವಾಯಿತು. ಮಿಲಾನಿನಲ್ಲಿ ಮಿಸಾಲಿಯಾ ಮನೆತನ, ಆಗ್ಸ್‌ಬರ್ಗ್‌ನಲ್ಲಿ ಹೆಲ್ಮ್‌ಶ್ಮಿಡ್ ಮನೆತನ ಹೆಸರಾಗಿದ್ದವು. ನ್ಯೂರೆಂಬರ್ಗ್, ಇನ್ಸ್‌ಬ್ರುಕ್ ಪಟ್ಟಣಗಳೂ ಕೇಂದ್ರಗಳಾಗಿದ್ದವು. ಇಟಲಿಯ ಕವಚದ ಮೈ ದುಂಡಗೆ, ನಯ. ಜರ್ಮನಿಯ ಗಾಥಿಕ್ ಶೈಲಿಯಲ್ಲಿ ಬೀಸಣಿಗೆಯಂತೆ ಹರಡಿದ ಗೆರೆಗಳು, ಚೂಪು ತುದಿಗಳು. ಲೊರೆಂಟ್ಸ್ ಹೆಲ್ಮ್‌ಶ್ಮಿಡ್ 1484ರ ಸುಮಾರಿಗೆ ಆರ್ಚ್‌ಡ್ಯೂಕ್ ಸಿಗಿಸ್ಮುಂಡ್‌ಗೆ ಮಾಡಿದ, ಈಗ ವಿಯೆನ್ನಾದಲ್ಲಿರುವ ಕವಚ ಈ ಶೈಲಿಯ ಉತ್ಕೃಷ್ಟ ಮಾದರಿ. ಯುದ್ಧದ ಪೂರ್ಣ ಕವಚದ ತೂಕ ಸಾಮಾನ್ಯವಾಗಿ 20ರಿಂದ 25 ಕಿಲೋಗ್ರಾಂ. ಅಡಿಯ ಜಾಲರಿ, ಮೆತ್ತೆ ಸೇರಿದರೆ ಹೆಚ್ಚು.

ತಗಡನ್ನು ರೂಪಿಸಲು ಎರಡು ಮೂಲ ವಿಧಾನ. ಮರದ ದಿಮ್ಮಿಯ ತಗ್ಗಿನ ಮೇಲಿಟ್ಟು ಒಳಗಿನಿಂದ ಬಡಿದು ಕುಳಿ ಮಾಡುವುದು ಒಂದು. ಕಬ್ಬಿಣದ ಗೂಟದ ಮೇಲಿಟ್ಟು ಹೊರಗಿನಿಂದ ಬಡಿಯುತ್ತ ತಗಡನ್ನು ಒಳಗೆ ಕೂಡಿಸಿ ಎತ್ತರಿಸುವುದು ಇನ್ನೊಂದು. ಮೊದಲನೆಯದರಲ್ಲಿ ಉಬ್ಬಿದ ಭಾಗ ತೆಳುವಾಗುತ್ತದೆ. ಎರಡನೆಯದು ನಿಧಾನ, ಆದರೆ ಪೆಟ್ಟು ಬೀಳುವ ಕಡೆ ದಪ್ಪ ಉಳಿಯುತ್ತದೆ. ಬಳಿಕ ನಯವಾದ ಮುಖದ ಸುತ್ತಿಗೆಯಿಂದ ಮೈಯೆಲ್ಲ ಸಣ್ಣಗೆ ಬಡಿದು ಸಮ ಮಾಡಿ, ಅಂಚನ್ನು ಹೊರಕ್ಕೆ ಸುರುಳಿ ಮಡಚಿ, ಉಜ್ಜಿ ಹೊಳಪಿಸುತ್ತಾರೆ.

ಮೂಲ ಕವಚದ ತಗಡು ಎಲ್ಲೆಡೆ ಒಂದೇ ದಪ್ಪವಲ್ಲ. ಶಿರಸ್ತ್ರಾಣದ ಹಣೆ, ಎದೆತಗಡಿನ ನಡುಭಾಗ ದಪ್ಪ. ಪಕ್ಕಕ್ಕೆ, ಬೆನ್ನಿಗೆ ಬಂದಂತೆ ತೆಳು. ಇಂದಿನ ಕಾರ್ಖಾನೆಯ ತಗಡು ಉದ್ದಗಲಕ್ಕೂ ಒಂದೇ ದಪ್ಪ ಇರುವುದರಿಂದ, ಅದರಲ್ಲಿ ಮಾಡಿದ ಪ್ರತಿ ಅಳತೆಯಲ್ಲಿ ಮೂಲದಂತೆಯೇ ಇದ್ದರೂ ತೊಟ್ಟವರಿಗೆ ಬೇರೆಯೇ ವಸ್ತು. ಲೋಹದ ಒಳರಚನೆಯನ್ನು ಆಲನ್ ವಿಲಿಯಮ್ಸ್ ನೂರಾರು ಮೂಲ ಕವಚಗಳಲ್ಲಿ ಪರೀಕ್ಷಿಸಿ 2003ರಲ್ಲಿ ಪ್ರಕಟಿಸಿದರು. ಅನೇಕವು ಬರೀ ಕಬ್ಬಿಣ. ಉತ್ತಮ ಕಮ್ಮಟಗಳದು ಕಾಸಿ ತಣಿಸಿ ಗಡಸುಗೊಳಿಸಿದ ಉಕ್ಕು. ಇಂದು ಸಾಮಾನ್ಯ ಕೆಲಸಕ್ಕೆ 1ರಿಂದ 2 ಮಿಲಿಮೀಟರ್ ದಪ್ಪದ ಮೆದು ಉಕ್ಕು, ಹಗುರ ಮತ್ತು ಗಟ್ಟಿ ಎರಡೂ ಬೇಕಾದಾಗ ಮಧ್ಯಮ ಇಂಗಾಲದ ಉಕ್ಕನ್ನು ಗಡಸು ಮಾಡಿ ಬಳಸುತ್ತಾರೆ.

ಕೀಲುಗಳಲ್ಲಿ ಕವಚಕಾರನ ನಿಜವಾದ ಪರೀಕ್ಷೆ. ಮೊಣಕೈ, ಮೊಣಕಾಲು, ಬೆರಳುಗಳ ಬಳಿ ಕಿರಿದಾದ ಪಟ್ಟಿಗಳು ಒಂದರ ಮೇಲೊಂದು ಜಾರುತ್ತವೆ. ಕೆಲವನ್ನು ತಿರುಗುವ ರಿವೆಟ್, ಕೆಲವನ್ನು ಉದ್ದನೆಯ ಸೀಳಿನಲ್ಲಿ ಚಲಿಸುವ ರಿವೆಟ್, ಉಳಿದವನ್ನು ಒಳಗೆ ಹಾಯುವ ಚರ್ಮದ ಪಟ್ಟಿ ಹಿಡಿದಿಡುತ್ತದೆ. ರಿವೆಟ್ ಕೂದಲೆಳೆಯಷ್ಟು ಆಚೀಚೆ ಬಿದ್ದರೆ ಮೊಣಕೈ ಪೂರ್ತಿ ಮಡಚುವುದಿಲ್ಲ.

ಚರ್ಮದ ಕೆಲಸ

ಮಧ್ಯಯುಗದ ಗಟ್ಟಿ ಚರ್ಮವನ್ನು ಓಕ್ ಮರದ ತೊಗಟೆಯ ನೀರಿನಲ್ಲಿ ತಿಂಗಳುಗಟ್ಟಲೆ ನೆನೆಸಿ ಹದ ಮಾಡುತ್ತಿದ್ದರು. ಮೃದುವಾದ ಬಿಳಿ ಚರ್ಮಕ್ಕೆ ಪಟಿಕ ಬಳಸುತ್ತಿದ್ದರು. ಇಂದಿನ ಕೈಗಾರಿಕೆಯ ಕ್ರೋಮಿಯಂ ಹದದ ಚರ್ಮ 19ನೆಯ ಶತಮಾನದ್ದು. ಅದರ ಕತ್ತರಿಸಿದ ಅಂಚಿನಲ್ಲಿ ನೀಲಿ ಛಾಯೆ ಕಾಣುತ್ತದೆ, ಒದ್ದೆ ಮಾಡಿ ರೂಪಿಸಿದರೆ ಆಕಾರ ನಿಲ್ಲುವುದಿಲ್ಲ.

ಪಾದರಕ್ಷೆ ಮಾಡುವಾಗ ಮೇಲುಭಾಗವನ್ನೂ ಅಟ್ಟೆಯನ್ನೂ ಒಳಮೈ ಹೊರಗಿಟ್ಟು ಹೊಲಿದು, ನೆನೆಸಿ, ತಿರುವುತ್ತಾರೆ. ಹಾಗಾಗಿ ಹೊಲಿಗೆ ಒಳಗೆ ಸೇರಿಕೊಂಡು ಸವೆಯದೆ ಉಳಿಯುತ್ತದೆ. ಮೊನೆಯುಳಿಯಿಂದ ಚುಚ್ಚಿದ ರಂಧ್ರ ಚರ್ಮದ ಅಂಚಿನಲ್ಲಿ ಹೊಕ್ಕು ಒಳಮೈಯಲ್ಲಿ ಹೊರಬರಬೇಕು, ಹೊರಮೈಯನ್ನು ಭೇದಿಸಬಾರದು. ಮೇಣ ತಿಕ್ಕಿದ ಲಿನನ್ ದಾರದ ಎರಡೂ ತುದಿಗೆ ಸೂಜಿಯ ಬದಲು ಹಂದಿಯ ಒರಟು ಕೂದಲು ಸೇರಿಸಿ, ಒಂದೇ ರಂಧ್ರದಲ್ಲಿ ಎದುರುಬದುರಾಗಿ ಹಾಯಿಸುತ್ತಾರೆ. ಇಂದಿನ ಬೂಟುಗಳಂತೆ ಅಟ್ಟೆಯ ಸುತ್ತ ಪಟ್ಟಿ ಕೊಟ್ಟು ಹೊಲಿಯುವ ಕ್ರಮ 1500ರ ಸುಮಾರಿನದು. 14ನೆಯ ಶತಮಾನದ ಪಾತ್ರಕ್ಕೆ ಅದು ಸಲ್ಲುವುದಿಲ್ಲ. ಕೆಸರಿನಲ್ಲಿ ನಡೆಯಲು ಪಾದರಕ್ಷೆಯ ಕೆಳಗೆ ಮರದ ಮೆಟ್ಟು ಕಟ್ಟುತ್ತಿದ್ದರು.

ನಡುಪಟ್ಟಿ, ಸಂಚಿ, ಚಾಕುವಿನ ಒರೆ, ಕತ್ತಿಯ ಒರೆ ಇದೇ ಕಸುಬಿನವು. ಕತ್ತಿಯ ಒರೆ ಬರೀ ಚರ್ಮದ್ದಲ್ಲ: ತೆಳುವಾದ ಎರಡು ಮರದ ಹಲಗೆಗಳ ಮೇಲೆ ಚರ್ಮ ಹೊಲಿದದ್ದು. ಬಿಸಿನೀರಿನಿಂದ ಕುಗ್ಗಿಸಿ ಅಚ್ಚಿನ ಮೇಲೆ ಒಣಗಿಸಿದ ಗಡಸು ಚರ್ಮ ಕವಚವಾಗಿಯೂ ಬಳಕೆಯಲ್ಲಿತ್ತು. 1278ರಲ್ಲಿ ಇಂಗ್ಲೆಂಡಿನ ದೊರೆ ಒಂದನೆಯ ಎಡ್ವರ್ಡ್ ವಿಂಡ್ಸರ್ ಉದ್ಯಾನದಲ್ಲಿ ನಡೆಸಿದ ಪಂದ್ಯದ ಖರೀದಿ ಪಟ್ಟಿಯಲ್ಲಿ ಇಂಥ ಚರ್ಮದ ಕವಚಗಳೂ ಬಲೀನ್ ಎಂಬ ತಿಮಿಂಗಿಲದ ಬಾಯಿಯ ಪಟ್ಟಿಯಿಂದ ಮಾಡಿದ ಕತ್ತಿಗಳೂ ಇವೆ.

ತೊಡುವ ಕ್ರಮ

ಲಿನನ್ ಒಳಬಟ್ಟೆ, ಕಾಲುಚೀಲ, ಪಾದರಕ್ಷೆ, ಕವಚದ ಒಳಂಗಿ, ಅದರ ಕಂಕುಳು ಮತ್ತು ಮೊಣಕೈ ಸಂದಿಗಳಿಗೆ ಹೊಲಿದ ಜಾಲರಿ ತುಂಡುಗಳು, ಬಳಿಕ ಪಾದದಿಂದ ಮೇಲಕ್ಕೆ ತಗಡುಗಳು, ಕೊನೆಗೆ ಶಿರಸ್ತ್ರಾಣ ಮತ್ತು ಕೈಕವಚ. ಈಗ ನ್ಯೂಯಾರ್ಕಿನ ಮೋರ್ಗನ್ ಗ್ರಂಥಾಲಯದಲ್ಲಿರುವ 15ನೆಯ ಶತಮಾನದ ಇಂಗ್ಲಿಷ್ ಹಸ್ತಪ್ರತಿಯೊಂದು ಕಾಲಾಳು ಪಂದ್ಯಕ್ಕೆ ಸಜ್ಜಾಗುವ ಈ ಕ್ರಮವನ್ನು ವಿವರಿಸಿ, ಚಿತ್ರವನ್ನೂ ಕೊಡುತ್ತದೆ. ತಯಾರಿಕೆಯೂ ಇದೇ ಕ್ರಮದಲ್ಲಿ ಸಾಗಬೇಕು. ಒಳಂಗಿ ಹೊಲಿಯುವ ಮೊದಲೇ ಎದೆತಗಡು ಬಡಿದರೆ ಅಳತೆ ಕೆಡುತ್ತದೆ. ಸೊಂಟದ ಅಳತೆ ಇವುಗಳಲ್ಲಿ ಬಹಳ ಮುಖ್ಯ: ಕವಚದ ಭಾರವನ್ನು ಬಹುಪಾಲು ಹೊರುವುದು ಭುಜವಲ್ಲ, ಬಿಗಿದ ಸೊಂಟ.

ಉಪಯೋಗ

ಪೋಲೆಂಡಿನ ಗ್ರುನ್ವಾಲ್ಡ್‌ನಲ್ಲಿ 1410ರ ಕದನದ ನೆನಪಿಗೆ ಪ್ರತಿ ಜುಲೈನಲ್ಲಿ, ಇಂಗ್ಲೆಂಡಿನಲ್ಲಿ 1066ರ ಹೇಸ್ಟಿಂಗ್ಸ್ ಕದನದ ಬಯಲಿನಲ್ಲಿ ನಡೆಯುವಂಥ ಪುನರಭಿನಯಗಳಿಗೆ ಈ ವಸ್ತುಗಳು ಬೇಕು. ತುಂಬು ಬಲದಿಂದ ಹೊಡೆದಾಡುವ ಕವಚಧಾರಿ ಕ್ರೀಡೆ ಬೇರೆಯದೇ ಬೇಡಿಕೆ ಇಡುತ್ತದೆ. 2010ರಲ್ಲಿ ಉಕ್ರೇನಿನ ಖೋತಿನ್ ಕೋಟೆಯಲ್ಲಿ ಮೊದಲ ಬಾರಿ ನಡೆದ ಬ್ಯಾಟಲ್ ಆಫ್ ದಿ ನೇಷನ್ಸ್ ಅಂಥದ್ದು. ಸುರಕ್ಷತೆಗಾಗಿ ಅಲ್ಲಿ ಶಿರಸ್ತ್ರಾಣ ಮೂಲಕ್ಕಿಂತ ದಪ್ಪವಾಗಿರುತ್ತದೆ, ಕಣ್ಣಿನ ಸೀಳು ಕಿರಿದಾಗಿರುತ್ತದೆ. ಫ್ರಾನ್ಸಿನ ಬರ್ಗಂಡಿಯಲ್ಲಿ 13ನೆಯ ಶತಮಾನದ ವಿಧಾನಗಳಿಂದ 1997ರಿಂದ ಕಟ್ಟುತ್ತಿರುವ ಗೆಡೆಲೊನ್ ಕೋಟೆಯಂಥ ಕಡೆ ಕೆಲಸದ ಬಟ್ಟೆ, ಉಪಕರಣಗಳಿಗೂ ಬೇಡಿಕೆ ಇದೆ.

ಸಂಶೋಧನೆಯಲ್ಲಿ ಇದರ ಕೊಡುಗೆ ಗಣನೀಯ. 2011ರಲ್ಲಿ ಲೀಡ್ಸ್ ವಿಶ್ವವಿದ್ಯಾಲಯದ ಗ್ರಹಾಂ ಆಸ್ಕ್ಯೂ ಮತ್ತು ಸಂಗಡಿಗರು, 15ನೆಯ ಶತಮಾನದ ಕವಚಗಳ ನಿಖರ ಪ್ರತಿಗಳನ್ನು ತೊಟ್ಟ ಅನುಭವಿಗಳನ್ನು ಟ್ರೆಡ್‌ಮಿಲ್ ಮೇಲೆ ನಡೆಸಿ, ಓಡಿಸಿ ಉಸಿರಾಟ ಅಳೆದರು. ನಡೆಯಲು ಬೇಕಾದ ಶಕ್ತಿ ಎರಡು ಪಟ್ಟಿಗಿಂತ ಹೆಚ್ಚಾಯಿತು. ಭಾರ ಬೆನ್ನ ಮೇಲಷ್ಟೇ ಅಲ್ಲದೆ ಕಾಲಿನ ಮೇಲೂ ಹಂಚಿಹೋಗುವುದು, ಎದೆತಗಡು ಉಸಿರನ್ನು ಬಿಗಿಯುವುದು ಕಾರಣಗಳೆಂದು ಕಂಡುಬಂತು. ಮೂಲ ಕವಚಗಳನ್ನು ತೊಡಿಸಿ ಇಂಥ ಪ್ರಯೋಗ ಮಾಡುವಂತಿಲ್ಲ.

ಇಂದಿನ ಸ್ಥಿತಿ

ಅಳತೆ ತೆಗೆದು, ಒಬ್ಬರ ಮೈಗೆ ಹೊಂದುವಂತೆ ಪೂರ್ಣ ಕವಚ ಮಾಡಿಕೊಡುವ ಕುಶಲಕರ್ಮಿಗಳು ಯುರೋಪ್ ಮತ್ತು ಅಮೆರಿಕಗಳಲ್ಲಿ ಕೆಲವರಿದ್ದಾರೆ. ಒಂದು ಕವಚಕ್ಕೆ ತಿಂಗಳುಗಟ್ಟಲೆ ಕೆಲಸ ಹಿಡಿಯುತ್ತದೆ. ಇನ್ನೊಂದು ಕಡೆ, ಸಿದ್ಧ ಅಳತೆಯ ಅಗ್ಗದ ಪ್ರತಿಗಳ ದೊಡ್ಡ ಮಾರುಕಟ್ಟೆ ಇದೆ. ಅದರಲ್ಲಿ ಭಾರತದ ಪಾಲು ದೊಡ್ಡದು: ಡೆಹ್ರಾಡೂನ್ ಮೊದಲಾದ ಉತ್ತರ ಭಾರತದ ಕಡೆಗಳಿಂದ ಕತ್ತಿ, ಶಿರಸ್ತ್ರಾಣ, ಜಾಲರಿ ಕವಚಗಳು ರಫ್ತಾಗುತ್ತವೆ. ಪುನರಭಿನಯದಲ್ಲಿ ಬಳಕೆಯಾಗುವ ರಿವೆಟ್ ಜಾಲರಿಯಲ್ಲಿ ಬಹಳಷ್ಟನ್ನು ಉಂಗುರಕ್ಕೆ ಉಂಗುರ ಕೋದು ಮುಚ್ಚುವುದು ಭಾರತದ ಕೆಲಸಗಾರರ ಕೈಗಳೇ. ಅಂಥ ಅಂಗಿಗಳನ್ನು ಕೊಂಡ ಅನುಭವಿಗಳು ಕಂಕುಳಿನ ಭಾಗವನ್ನು ಬಿಚ್ಚಿ, ಮೂಲ ಮಾದರಿಯಂತೆ ಉಂಗುರ ಸೇರಿಸಿ ಮತ್ತೆ ಹೆಣೆದುಕೊಳ್ಳುತ್ತಾರೆ.

ಮೂರು ಆಯಾಮದ ಸ್ಕ್ಯಾನ್‌ಗಳಿಂದ ಮೂಲ ತಗಡಿನ ದಪ್ಪ ಮತ್ತು ಬಾಗನ್ನು ಮುಟ್ಟದೆಯೇ ಅಳೆಯುವುದು ಈಗ ಸಾಧ್ಯವಾಗಿದೆ. ತಗಡನ್ನು ಲೇಸರ್‌ನಿಂದ ಕತ್ತರಿಸುವುದು ಸಾಮಾನ್ಯವಾಗಿದೆ. ಬಡಿಯುವ, ಕೀಲು ಕೂರಿಸುವ ಕೆಲಸ ಮಾತ್ರ ಸುತ್ತಿಗೆಯದೇ. ಸಾಮಗ್ರಿಯ ಕೊರತೆ ಹೆಚ್ಚು ಕಾಡುವುದು ಬಟ್ಟೆ ಮತ್ತು ಚರ್ಮದ ಕಡೆ: ತುಳಿದು ಒತ್ತಾಗಿಸಿದ ಭಾರದ ಉಣ್ಣೆ, ಕೈಯಲ್ಲಿ ನೂತ ಲಿನನ್, ಓಕ್ ತೊಗಟೆಯಲ್ಲಿ ಹದಗೊಂಡ ಚರ್ಮ ಇವನ್ನು ಈಗಲೂ ತಯಾರಿಸುವವರು ಬೆರಳೆಣಿಕೆಯಷ್ಟು.